ಅಮ್ಮನ ಹಳೇ ಪುಸ್ತಕ, ಮಗುವಿನ ಹೊಸ ಕಣ್ಣು

ತವರಿಗೆ ಹೋದವಳು ಬರಿಗೈಯಲ್ಲಿ ಬರುವುದುಂಟೇ? ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಬೇಡ ಬೇಡವೆಂದರೂ ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ, ಎಲ್ಲ ಸೇರಿ ಚೀಲ ಎತ್ತಲಾರದಷ್ಟು ಭಾರ. ಈ ಬೇಸಿಗೆ ರಜೆಯಲ್ಲಿ ಹಾಸನದ ಕಡೆಯ ಓದುಗ ಸೋದರಿಯೊಬ್ಬರು ಇವೆಲ್ಲದರ ಜೊತೆಗೆ ಒಂದು ದಪ್ಪ ಪುಸ್ತಕವನ್ನೂ ಹೊತ್ತು ತಂದಿದ್ದಾರೆ. ಅವರು ಚಿಕ್ಕವರಿದ್ದಾಗ ಅವರ ತಂದೆ ಒಂದು ವರ್ಷದ ಹನ್ನೆರಡು 'ಚಂದಮಾಮ' ಸಂಚಿಕೆಗಳನ್ನು ಒಟ್ಟು ಸೇರಿಸಿ, ರಟ್ಟು ಹಾಕಿಸಿ, ಬೈಂಡು ಮಾಡಿಸಿ ಇಟ್ಟಿದ್ದರಂತೆ. ಅಟ್ಟದ ಮೇಲೆ ಹಿತ್ತಾಳೆ ಪಾತ್ರೆಗಳ ಹಿಂದೆ ಅದು ಸಿಕ್ಕಿತಂತೆ. ತಂದೆ ಈಗಿಲ್ಲ. ಬಸ್ಸಿನಲ್ಲಿ ಮಡಿಲಿನಲ್ಲೇ ಇಟ್ಟುಕೊಂಡು ಬಂದು, ಕೈಕಾಲು ತೊಳೆಯುವ ಮೊದಲೇ ಏಳು ವರ್ಷದ ಮಗನನ್ನು ಕೂರಿಸಿಕೊಂಡು ತೆರೆದಿದ್ದಾರೆ. ಅವನು ನಾಲ್ಕು ಪುಟ ಮಗುಚಿ, ಇದರಲ್ಲಿ ಏನೂ ಅಲ್ಲಾಡುವುದೇ ಇಲ್ಲವಲ್ಲ ಅಂದವನೇ ಎದ್ದು ಹೋದನಂತೆ. ತಪ್ಪು ಅವನದೋ, ಮೊಬೈಲಿನದೋ, ನನ್ನದೋ ಎಂದು ಆಕೆ ಕೇಳಿದ್ದಾರೆ. ಕಾಗದದ ಕೊನೆಯ ಸಾಲಿನ ಮೇಲೆ ಶಾಯಿ ಹರಡಿತ್ತು. ಯಾಕೆಂದು ನಾನು ಹೇಳಬೇಕಾಗಿಲ್ಲ.

ತಾಯಿಯಾದ ಯಾರಿಗೆ ಇದು ಗೊತ್ತಿಲ್ಲ ಹೇಳಿ! ನಾವು ಪ್ರೀತಿಯಿಂದ ಮಾಡಿದ ಹುಗ್ಗಿಯನ್ನು ಮಗು ಮೂಗು ಮುರಿದು ದೂಡಿದರೆ ಅಷ್ಟು ನೋವಾಗುವುದಿಲ್ಲ. ನಾಳೆ ಇನ್ನೊಂದು ಮಾಡಿದರಾಯಿತು. ಆದರೆ ನಾವು ಆರು ವರ್ಷದವರಿದ್ದಾಗ ಎದೆಗವಚಿಕೊಂಡು ಮಲಗಿದ್ದ ಪುಸ್ತಕವನ್ನು ದೂಡಿದರೆ, ಆ ಆರು ವರ್ಷದ ಹುಡುಗಿಯನ್ನೇ ದೂಡಿದ ಹಾಗೆ ಅನ್ನಿಸುತ್ತದೆ. ಆ ಪುಸ್ತಕದಲ್ಲಿ ನೀವು ನೋಡುವುದೇ ಬೇರೆ. ಅಪ್ಪನ ಬೆರಳು, ಜಗಲಿಯ ತಂಪು, ಕರೆಂಟು ಹೋದಾಗ ಹಚ್ಚಿದ ಲಾಟೀನು, ಪಕ್ಕದಲ್ಲಿ ಕೂತು ಇಣುಕುತ್ತಿದ್ದ ತಮ್ಮನ ಎಣ್ಣೆತಲೆ. ಮಗನಿಗೆ ಕಾಣುವುದು ಕಂದು ಬಣ್ಣಕ್ಕೆ ತಿರುಗಿದ ಕಾಗದ, ಅಷ್ಟೇ. ಅವನ ತಪ್ಪೇನೂ ಇಲ್ಲ. ನೀವು ಕೊಡುತ್ತಿರುವುದು ಪುಸ್ತಕವೆಂದು ಅವನು ತಿಳಿದ, ನೀವು ಕೊಡುತ್ತಿದ್ದದ್ದು ಅವನ ತಾತನನ್ನು.

ಹಾಗಾದರೆ ತಾತನಿಂದಲೇ ಶುರು ಮಾಡಿ. ಪುಸ್ತಕ ಓದುವ ಮುಂಚೆ ಪುಸ್ತಕದ ಕತೆ ಹೇಳಿ. ಯಾರು ತಂದರು, ಎಲ್ಲಿಂದ ತಂದರು, ಸಂಚಿಕೆ ಬರುವುದು ತಡವಾದರೆ ಮನೆಯಲ್ಲಿ ಯಾರ್ಯಾರು ಜಗಳವಾಡುತ್ತಿದ್ದರು, ಆ ಪುಟದ ಮೇಲಿರುವ ಕಾಫಿ ಕಲೆ ಯಾರ ಕೃಪೆ. ಮಕ್ಕಳಿಗೆ ಅಪ್ಪ ಅಮ್ಮಂದಿರು ಚಿಕ್ಕವರಿದ್ದಾಗ ಮಾಡಿದ ಕಿತಾಪತಿ ಕೇಳುವುದೆಂದರೆ ಹಬ್ಬ. ಆ ಕಲೆಯ ನೆಪದಲ್ಲಿ ಪುಟ ತೆರೆದುಕೊಳ್ಳಲಿ.

ಈಗಿನ ಎಳೆಯ ತಾಯಂದಿರಲ್ಲಿ ಕೆಲವರಿಗೆ 'ಚಂದಮಾಮ' ಎಂದರೆ ಹೆಸರಷ್ಟೇ ಗೊತ್ತು. ನಾಗಿರೆಡ್ಡಿ, ಚಕ್ರಪಾಣಿ ಎಂಬ ಇಬ್ಬರು ಸೇರಿ 1947ರ ಜುಲೈಯಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಹೊರಡಿಸಿದ ಮಾಸಪತ್ರಿಕೆ ಅದು. 1949ರಲ್ಲಿ ಕನ್ನಡಕ್ಕೂ ಬಂತು. 1957ರ 'ಮಾಯಾಬಜಾರ್' ಸಿನಿಮಾ ತೆಗೆದವರೂ ಇವರೇ. ಘಟೋತ್ಕಚನ ಮುಂದೆ ಲಾಡುಗಳು ತಾವಾಗಿ ಎದ್ದು ಬಾಯಿಗೆ ಹೋಗುವುದನ್ನು ನೋಡಿದವರಿಗೆ ಇವರ ಕಲ್ಪನೆ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಪತ್ರಿಕೆಯ ಅಚ್ಚು ಹತ್ತು ವರ್ಷಕ್ಕೂ ಹಿಂದೆಯೇ ನಿಂತುಹೋಯಿತು. ಎಂ.ಟಿ.ವಿ. ಆಚಾರ್ಯರು ಮುಖಪುಟಕ್ಕೆ ಬರೆದ ಮಹಾಭಾರತದ ಚಿತ್ರಗಳನ್ನು ಎಷ್ಟೋ ಮನೆಗಳಲ್ಲಿ ಕತ್ತರಿಸಿ ಕಟ್ಟು ಹಾಕಿಸಿದ್ದನ್ನು ನಾನೇ ನೋಡಿದ್ದೇನೆ. ಬೇತಾಳನ ಕತೆಗೆ ಚಿತ್ರ ಬರೆದವರು 'ಶಂಕರ್' ಎಂದೇ ಹೆಸರಾದ ಕೆ.ಸಿ. ಶಿವಶಂಕರನ್. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ಕಗ್ಗಾಡು, ರಾಜ ಮಾತ್ರ ಹಿಂದೆ ತಿರುಗಿ ನೋಡದೆ ನಡೆಯುತ್ತಿದ್ದಾನೆ. ತೊಂಬತ್ತು ದಾಟಿದ ತುಂಬು ಬಾಳು ಬಾಳಿ 2020ರಲ್ಲಿ ಅವರು ತೀರಿಕೊಂಡಾಗ, ನಮ್ಮ ಓರಗೆಯವರೆಲ್ಲ ಆ ಒಂದು ಚಿತ್ರವನ್ನೇ ಒಬ್ಬರಿಗೊಬ್ಬರು ಕಳಿಸಿಕೊಂಡೆವು.

ಈ ಬೇತಾಳನ ಕತೆಯಲ್ಲೇ ಒಂದು ಉಪಾಯ ಅಡಗಿದೆ, ಹಾಸನದ ಸೋದರಿ ಗಮನಿಸಬೇಕು. ಹೆಣದೊಳಗಿನ ಬೇತಾಳ ದಾರಿ ಸಾಗಲೆಂದು ಕತೆ ಹೇಳುತ್ತದೆ, ಕೊನೆಯಲ್ಲಿ ಒಂದು ಪ್ರಶ್ನೆ ಹಾಕುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದುಹೋಗುತ್ತದೆ. ಹೇಳಿದರೆ ಮೌನ ಮುರಿದು ಹೆಣ ಮತ್ತೆ ಮರಕ್ಕೆ ಹಾರಿಹೋಗುತ್ತದೆ. ಕಾಶ್ಮೀರದ ಸೋಮದೇವ ಹನ್ನೊಂದನೆಯ ಶತಮಾನದ 'ಕಥಾಸರಿತ್ಸಾಗರ'ದಲ್ಲಿ ಇಪ್ಪತ್ತೈದು ಬೇತಾಳ ಕತೆಗಳನ್ನು ಹೇಳಿದ. 'ಚಂದಮಾಮ'ದವರಿಗೆ ಅಷ್ಟು ಸಾಲಲಿಲ್ಲ, ಹೊಸದಾಗಿ ನೂರಾರು ಕಟ್ಟಿದರು. ನೀವು ಪ್ರಶ್ನೆಯ ತನಕ ಓದಿ, ಅಲ್ಲಿಗೆ ಪುಸ್ತಕ ಮುಚ್ಚಿಬಿಡಿ. ಉತ್ತರ ಓದಬೇಡಿ! ಅಡಿಗೆಮನೆಗೆ ಎದ್ದು ಹೋಗಿ. ಅವನಾಗಿಯೇ ಹಿಂದಿನಿಂದ ಬರುತ್ತಾನೆ. "ಮೂರನೆಯವನೇ ಸರಿ ಅಲ್ವಾಮ್ಮಾ?" ಅಂತ ಕೇಳುತ್ತಾನೆ. ಯಾಕೆ ಮೂರನೆಯವನು ಅಂತ ನೀವು ಕೇಳಿ. ಅವನ ಉತ್ತರ ರಾಜನ ಉತ್ತರಕ್ಕಿಂತ ಬೇರೆಯಾದರೆ ಇನ್ನೂ ಒಳ್ಳೆಯದು. ರಾಜ ಹೇಳಿದ್ದೇ ಸರಿಯೆಂದು ಒಪ್ಪಲೇಬೇಕೆಂದು ಯಾವ ಕಾನೂನೂ ಇಲ್ಲವಲ್ಲ. ಅಲ್ಲಾಡದ ಚಿತ್ರ ಅಲ್ಲಾಡತೊಡಗುವುದು ಹೀಗೆ.

ಇನ್ನೊಂದು ನೆನಪು. ಪತ್ರಿಕೆಯಲ್ಲಿ ಎರಡು ಫೋಟೋ ಕೊಟ್ಟು ಅವಕ್ಕೆ ಹೊಂದುವ ಶೀರ್ಷಿಕೆ ಬರೆಯಿರಿ ಎಂಬ ಸ್ಪರ್ಧೆ ಬರುತ್ತಿತ್ತು. ಇದನ್ನು ಮೊಬೈಲಿನಲ್ಲೇ ಆಡಬಹುದು, ನೋಡಿ. ಅವನು ಎರಡು ಫೋಟೋ ತೆಗೆಯಲಿ, ಒಂದು ಬೆಕ್ಕಿನದು, ಒಂದು ನಿದ್ದೆ ಹೊಡೆಯುವ ಅಪ್ಪನದು. ಎರಡಕ್ಕೂ ಪ್ರಾಸ ಕೂಡುವ ಹಾಗೆ ಹೆಸರಿಡಬೇಕು, ಕನ್ನಡದಲ್ಲೇ. ಮೊಬೈಲನ್ನು ಶತ್ರುವೆಂದು ಬೈದು ಬೈದು ನಮ್ಮ ಗಂಟಲೇ ಒಣಗಿತು. ಅದನ್ನು ಕೆಲಸಕ್ಕೆ ಹಚ್ಚಿ.

'ಕನ್ನಡದಲ್ಲೇ' ಎಂದೆ. ಅಲ್ಲಿಗೆ ಬಂದೆವು. ಅನೇಕ ಸೋದರಿಯರು ಬಾಯಿ ಬಿಟ್ಟು ಹೇಳದ ಸಂಕಟ ಇದು. ಮಗು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತದೆ. ಕನ್ನಡ ಮಾತಾಡುತ್ತದೆ, ಓದಲು ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತದೆ. ಎಡವಿದರೆ ಅವಮಾನ. ಅವಮಾನವನ್ನು ಮಕ್ಕಳು 'ಬೋರು' ಎಂಬ ಹೆಸರಿನಲ್ಲಿ ಹೇಳುತ್ತಾರೆ. ನಿಮ್ಮ ಮಗನೂ ಹಾಗೇ ಹೇಳಿರಬಹುದೆಂದು ನನ್ನ ಗುಮಾನಿ. ಆದ್ದರಿಂದ ಮೊದಲ ತಿಂಗಳು ಅವನ ಕೈಗೆ ಪುಸ್ತಕ ಕೊಡಲೇಬೇಡಿ. ಬೆಳ್ಳುಳ್ಳಿ ಕೊಡಿ, ಇಲ್ಲವೇ ಸುಲಿಯುವುದಕ್ಕೆ ಬೇಯಿಸಿದ ಕಡಲೇಕಾಯಿ ಕೊಡಿ. ಅವನು ಸುಲಿಯಲಿ, ನೀವು ಓದಿ. ಕೈಗೆ ಕೆಲಸವಿದ್ದರೆ ಕಿವಿ ತಾನಾಗಿ ತೆರೆಯುತ್ತದೆ, ರಾತ್ರಿ ಸಾರಿನ ಒಗ್ಗರಣೆಗೂ ಆಯಿತು. 'ವರಹ' ಎಂದರೇನು, 'ಧರ್ಮಛತ್ರ' ಎಂದರೇನು ಎಂದು ಕೇಳಿದರೆ ಹೇಳಿ. ಕೇಳದಿದ್ದರೆ ನಿಲ್ಲಿಸಿ ಪಾಠ ಮಾಡಲು ಹೋಗಬೇಡಿ, ನಮ್ಮ ಕಾಲಕ್ಕೂ ಅವು ಬಳಕೆಯ ಮಾತುಗಳೇನಲ್ಲ, ಕತೆಯ ಓಟದಲ್ಲಿ ನಮಗೆ ಅರ್ಥವಾದವು. ಚಿತ್ರ ಬಂದಾಗ ಪುಸ್ತಕ ಅವನ ಕಡೆ ತಿರುಗಿಸಿ. ಒಂದು ದಿನ ಎಣ್ಣೆಗೈಯಲ್ಲೇ ಪುಟ ಎಳೆದುಕೊಳ್ಳುತ್ತಾನೆ. ಕಲೆಯಾಯಿತೆಂದು ಆಗ ಬೈದೀರಿ ಮತ್ತೆ! ಅಪ್ಪನ ಕಾಫಿ ಕಲೆಯ ಪಕ್ಕದಲ್ಲಿ ಮೊಮ್ಮಗನದೂ ಒಂದಿರಲಿ.

ಇಷ್ಟು ಅವರಿಗಾಯಿತು. ಇನ್ನು ನನ್ನ ಮನೆಯ ಮಾತಿಗೆ ಬರುತ್ತೇನೆ. ಹಳೆಯ ಪುಸ್ತಕ ಎಂದಾಕ್ಷಣ ಎಲ್ಲವೂ ಒಳ್ಳೆಯದೆಂದು ಕಣ್ಣಿಗೊತ್ತಿಕೊಳ್ಳುವವಳು ನಾನಲ್ಲ. ನಮ್ಮ ಬಾಲ್ಯದ ಎಷ್ಟೋ ಚಿತ್ರಪುಸ್ತಕಗಳಲ್ಲಿ ರಾಜಕುಮಾರಿಗೆ ಗುಲಾಬಿ ಬಣ್ಣ, ರಾಕ್ಷಸನಿಗೆ ಕಪ್ಪು ಬಣ್ಣ. ನಮಗೆ ಅದು ಕಣ್ಣಿಗೇ ಬೀಳಲಿಲ್ಲ. ನನ್ನ ಮಗಳದು ನನ್ನ ಹಾಗೇ ಎಣ್ಣೆಗಪ್ಪು. ಎಂಟು ವರ್ಷ. ಒಂದು ಸಂಜೆ ಪುಸ್ತಕ ನೋಡುತ್ತಾ ಕೂತವಳು, "ಅಮ್ಮಾ, ರಾಕ್ಷಸರ ಮನೇಲಿ ಹುಟ್ಟಿದ ಪಾಪೂನೂ ಕಪ್ಪಗೇ ಇರುತ್ತಾ?" ಅಂದಳು. ಬಹಳ ಸಲೀಸಾಗಿ ಕೇಳಿದಳು, ಪುಟದಿಂದ ತಲೆ ಎತ್ತಲಿಲ್ಲ. ಮಕ್ಕಳು ತಲೆ ಎತ್ತದೆ ಕೇಳುವ ಪ್ರಶ್ನೆಗಳಿಗೆ ಹೆದರಬೇಕು. ಮದುವೆ ಮನೆಗಳಲ್ಲಿ ಯಾರ್ಯಾರು ಏನೇನು ಅಂದಿದ್ದರೋ, ಶಾಲೆಯ ನಾಟಕದಲ್ಲಿ ಯಾವ ಪಾತ್ರ ಕೊಟ್ಟಿದ್ದರೋ, ಎಲ್ಲ ಆ ಒಂದು ಮಾತಿನ ಹಿಂದೆ ಕೂತಿರುತ್ತದೆ.

ಇಂಥ ಹೊತ್ತಿನಲ್ಲಿ ಪುಸ್ತಕ ಕಿತ್ತುಕೊಂಡು ಬೀರುವಿನಲ್ಲಿಡುವುದು ಸುಲಭ. ನಾನು ಕಿತ್ತುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು, 'ಕೃಷ್ಣ' ಎಂದರೇ ಕಪ್ಪು ಎಂದು ಅರ್ಥ, ಚಿತ್ರದವರು ಅವನಿಗೆ ನೀಲಿ ಬಳಿದರು ಎಂದೆ. ದ್ರೌಪದಿಗೂ ಅದೇ ಹೆಸರು, 'ಕೃಷ್ಣೆ'. ಮಹಾಭಾರತ ಅವಳನ್ನು ಕಪ್ಪು ಚೆಲುವೆ ಎಂದೇ ಹೇಳುತ್ತದೆ, ಈ ಪುಸ್ತಕದಲ್ಲಿ ನೋಡಿದರೆ ಗುಲಾಬಿ! ಬರೆದವರು ಕತೆ ಸರಿಯಾಗಿ ಓದಿಲ್ಲವೇನೋ ಎಂದೆ. ಮಗಳಿಗೆ ಇದು ಬಹಳ ಹಿಡಿಸಿತು. ದೊಡ್ಡವರು ಚಿತ್ರದಲ್ಲಿ ತಪ್ಪು ಮಾಡಿದ್ದಾರೆ, ತಾನು ತಿದ್ದಬಹುದು! ಹಳೆಯ ಕ್ಯಾಲೆಂಡರಿನ ಹಿಂಬದಿ ಕೊಟ್ಟೆ. ಕಂದು ಬಣ್ಣದ ಬಳಪ ಮುಗಿಯುವ ತನಕ ಉಜ್ಜಿ, ದ್ರೌಪದಿಗೆ ಎರಡು ಜಡೆ, ಮೂಗುಬಟ್ಟು, ಶಾಲೆಯ ಬೂಟು ಎಲ್ಲ ಹಾಕಿದಳು. ನಮ್ಮ ಅತ್ತೆಯವರು ಕನ್ನಡಕ ಏರಿಸಿ ನೋಡಿ, "ಇವಳು ನಮ್ಮತ್ತೆ ಇದ್ದ ಹಾಗೇ ಇದ್ದಾಳಲ್ಲೇ, ಅದೇ ಸಿಟ್ಟು ಮುಖ" ಅಂದರು. ಆ ಚಿತ್ರ ಈಗಲೂ ನಮ್ಮ ಫ್ರಿಜ್ಜಿನ ಮೇಲಿದೆ. ಗುಲಾಬಿ ದ್ರೌಪದಿಯ ಪುಸ್ತಕವೂ ಕಪಾಟಿನಲ್ಲೇ ಇದೆ.

ನನ್ನ ಸ್ವಂತ ಪುಸ್ತಕ, ಎಂದರೆ ಬೇರೆಯವರಿಗೆ ಮುಟ್ಟಲೂ ಕೊಡದಿದ್ದ ಪುಸ್ತಕ, ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ನಮ್ಮ ಮನೆಯಲ್ಲಿದ್ದ ಪ್ರತಿಯಲ್ಲಿ ಚಿತ್ರಗಳಿದ್ದವು. ಎಷ್ಟು ಸಲ ಓದಿಸಿಕೊಂಡಿದ್ದೆನೆಂದರೆ, ಅಕ್ಷರ ಬರುವ ಮುಂಚೆಯೇ ಯಾವ ಚಿತ್ರಕ್ಕೆ ಯಾವ ಪದ್ಯವೆಂದು ಬಾಯಿಪಾಠವಾಗಿ, ನೆಂಟರೆದುರು ಓದುವ ಹಾಗೆ ನಟಿಸುತ್ತಿದ್ದೆ. ಕತೆ ನಿಮಗೆಲ್ಲ ಗೊತ್ತು. ಊರಿಗೆ ಊರೇ ಇಲಿಗಳ ಕಾಟ. ಕಿಂದರಿ ಹಿಡಿದ ಜೋಗಿಯೊಬ್ಬ ಬಂದು ನುಡಿಸುತ್ತಾನೆ, ಇಲಿಗಳೆಲ್ಲ ಅವನ ಬೆನ್ನು ಹತ್ತಿ ಹೊಳೆಗೆ ಬೀಳುತ್ತವೆ. ಕೊಡುತ್ತೇನೆಂದಿದ್ದ ಹಣವನ್ನು ಊರಗೌಡ ಕೊಡುವುದಿಲ್ಲ. ಜೋಗಿ ಮತ್ತೆ ನುಡಿಸುತ್ತಾನೆ, ಈ ಸಲ ಊರಿನ ಮಕ್ಕಳೆಲ್ಲ ಹೊರಟುಬಿಡುತ್ತಾರೆ.

ಇದು ಮೂಲದಲ್ಲಿ ಜರ್ಮನಿಯ ಕತೆ. ವೇಸರ್ ನದಿಯ ದಡದಲ್ಲಿ ಹಾಮೆಲಿನ್ ಎಂಬ ಊರು ಇಂದಿಗೂ ಇದೆ. 1284ರ ಜೂನ್ 26ರಂದು 130 ಮಕ್ಕಳು ಕಾಣೆಯಾದರೆಂದು ಅಲ್ಲಿನವರ ನಂಬಿಕೆ. ಮಕ್ಕಳು ಹೋದ ಬೀದಿ ಎಂದು ಒಂದನ್ನು ತೋರಿಸುತ್ತಾರೆ, ಆ ಬೀದಿಯಲ್ಲಿ ವಾದ್ಯ ಬಾರಿಸುವ ಹಾಗಿಲ್ಲ. ಗ್ರಿಮ್ ಸೋದರರು 1816ರಲ್ಲಿ ಈ ಕತೆಯನ್ನು ತಮ್ಮ ಐತಿಹ್ಯಗಳ ಸಂಗ್ರಹಕ್ಕೆ ಸೇರಿಸಿದರು. 1842ರಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನ ಪದ್ಯ ಪ್ರಕಟವಾಯಿತು. ಅವನು ಅದನ್ನು ಯಾಕೆ ಬರೆದ ಗೊತ್ತೇ? ಗೆಳೆಯನೊಬ್ಬನ ಮಗ, ವಿಲ್ಲಿ ಮೆಕ್ರೆಡಿ ಎಂಬ ಹುಡುಗ, ಕಾಯಿಲೆ ಮಲಗಿದ್ದ. ಅವನಿಗೆ ಚಿತ್ರ ಬರೆಯುವ ಹುಚ್ಚು. ಹಾಸಿಗೆಯ ಮೇಲೆ ಕೂತು ಚಿತ್ರ ಬರೆಯಲು ಅವನಿಗೊಂದು ಕತೆ ಬೇಕಾಗಿತ್ತು. ಮಗು ಚಿತ್ರ ಬರೆಯಲೆಂದೇ ಹುಟ್ಟಿದ ಪದ್ಯ! ನನಗೆ ಇದು ತಿಳಿದ ದಿನ, ಮಗಳ ಕೈಗೆ ಕೊಟ್ಟ ಕ್ಯಾಲೆಂಡರಿನ ಹಾಳೆಗೆ ಒಂದು ಗೌರವ ಬಂದ ಹಾಗಾಯಿತು.

ಕುವೆಂಪು ಅದನ್ನು ತಂದದ್ದಾದರೂ ಹೇಗೆ! ವೇಸರ್ ಹೋಗಿ ತುಂಗೆ ಬಂದಳು, ಪುರಾಧ್ಯಕ್ಷ ಹೋಗಿ ಗೌಡ ಬಂದ. ಕೊಳಲನ್ನು ಬಿಟ್ಟು, ನಮ್ಮ ಕಡೆ ಮನೆಮನೆ ಬಾಗಿಲಿಗೆ ಬರುವ ಜೋಗಿಗಳ ಕಿಂದರಿಯನ್ನು ಕೈಗೆ ಕೊಟ್ಟರು. ಇಲಿಗಳಂತೂ ಅಪ್ಪಟ ಮಲೆನಾಡಿನವು. ಇದು ಬೇರೆ ದೇಶದ ಕತೆಯೆಂದು ನನಗೆ ಹೈಸ್ಕೂಲು ಮುಟ್ಟುವ ತನಕ ಗೊತ್ತಿರಲಿಲ್ಲ. ಗೊತ್ತಾದಾಗ ನಂಬಲೂ ಇಲ್ಲ, ಜರ್ಮನಿಯವರೇ ನಮ್ಮಿಂದ ಕದ್ದಿರಬೇಕೆಂದು ಸ್ನೇಹಿತೆಯರೊಡನೆ ವಾದಿಸಿದ್ದೆ.

ಚಿಕ್ಕಂದಿನಲ್ಲಿ ನನಗೆ ಇಷ್ಟವಾದ ಚಿತ್ರ ಕೊನೆಯದು. ಮುಂದೆ ಜೋಗಿ, ಹಿಂದೆ ಮಕ್ಕಳ ಸಾಲು. ಅದರಲ್ಲಿ ಲಂಗ ಎತ್ತಿ ಹಿಡಿದು ಓಡುವ ಒಬ್ಬಳು ಹುಡುಗಿ ನಾನೇ ಎಂದು ಗುರುತು ಹಾಕಿಕೊಂಡಿದ್ದೆ. ಪೆನ್ಸಿಲಿನಲ್ಲಿ ಅವಳ ತಲೆಯ ಮೇಲೆ ನನ್ನ ಹೆಸರಿನ ಮೊದಲ ಅಕ್ಷರವೂ ಇದೆ. ಹೋದವರು ಎಲ್ಲಿಗೆ ಹೋದರೆಂಬ ಚಿಂತೆ ನನಗಿರಲಿಲ್ಲ. ಮಗ್ಗಿ ಕೇಳುವವರಿಲ್ಲದ, ಎಣ್ಣೆಸ್ನಾನವಿಲ್ಲದ ಯಾವುದೋ ಊರಿಗೆ ಎಂದು ನಂಬಿ ಸಂತೋಷಪಟ್ಟಿದ್ದೆ.

ಮಗಳಿಗೆ ಏಳು ತುಂಬಿದ ವರ್ಷ ಅದೇ ಪ್ರತಿಯನ್ನು ಓದಿ ಹೇಳಿದೆ. ಕೊನೆಯ ಚಿತ್ರಕ್ಕೆ ಬಂದಾಗ ನೋಡುತ್ತೇನೆ, ಮೂಲೆಯಲ್ಲಿ ಮನೆಗಳ ಬಾಗಿಲಿನಲ್ಲಿ ಹೆಂಗಸರು ನಿಂತಿದ್ದಾರೆ. ಒಬ್ಬಳ ಕೈಯಲ್ಲಿ ಮೊರ. ಇಷ್ಟು ವರ್ಷ ಅವರು ಅಲ್ಲೇ ನಿಂತಿದ್ದರು, ನನಗೆ ಕಂಡೇ ಇರಲಿಲ್ಲ. ಓದುತ್ತಿದ್ದ ದನಿ ತಾನಾಗಿ ನಿಂತುಹೋಯಿತು.

ಮಗಳೂ ಅವರನ್ನೇ ನೋಡುತ್ತಿದ್ದಳು. "ದುಡ್ಡು ಕೊಡಲ್ಲ ಅಂದಿದ್ದು ಈ ಅಮ್ಮಂದಿರಾ?"

"ಅಲ್ಲ, ಗೌಡ."

"ಮತ್ತೆ ಇವರ ಮಕ್ಕಳನ್ನ ಯಾಕೆ ಕರಕೊಂಡು ಹೋದ?"

ಹೇಳಿ, ಸೋದರಿಯರೇ, ಏನು ಉತ್ತರ ಕೊಡುತ್ತೀರಿ? ಒಬ್ಬರ ಮಾತು ತಪ್ಪಿದ್ದಕ್ಕೆ ಊರೆಲ್ಲ ಬೆಲೆ ತೆರುವುದನ್ನು ನಾವು ದಿನವೂ ಪೇಪರಿನಲ್ಲಿ ಓದುತ್ತೇವೆ, ಒಗ್ಗಿಹೋಗಿದ್ದೇವೆ. ಅವಳು ಒಗ್ಗಿರಲಿಲ್ಲ. ನಾನು, "ಅದೇ ಅನ್ಯಾಯ ಅಂತ ನಂಗೂ ಅನ್ಸುತ್ತೆ" ಎಂದಷ್ಟೇ ಅಂದೆ. ಒಳಗಿನಿಂದ ನಮ್ಮ ಮನೆಯವರು, "ಎತ್ತಿಡು ಆ ಪುಸ್ತಕ, ರಾತ್ರಿ ಹೆದರಿಕೊಂಡಾಳು" ಅಂದರು. ಅತ್ತೆಯವರ ಸಲಹೆ ಇನ್ನೂ ಸುಲಭ. ಕೊನೆಗೆ ಮಕ್ಕಳೆಲ್ಲ ವಾಪಸು ಬಂದರು ಎಂದು ಹೇಳಿಬಿಡು, ಪುಸ್ತಕ ಬರೆದವರು ಬಂದು ಕೇಳುತ್ತಾರೆಯೇ?

ಈ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ನಾಲ್ಕು ವರ್ಷದ ಮಗುವಿಗೆ ಈ ಕತೆಯ ಇಲಿಗಳಷ್ಟು ಸಾಕು, ಅಲ್ಲಿಗೆ ನಿಲ್ಲಿಸಿ. ಅಡ್ಡಿಯಿಲ್ಲ. ಆದರೆ ಕೇಳುವ ವಯಸ್ಸು ಬಂದ ಮೇಲೆ ಕೊನೆಯನ್ನು ತಿರುಚಿ ಹೇಳಬಾರದು. ಹತ್ತು ವರ್ಷಕ್ಕೆ ಅವಳೇ ಓದಿಕೊಳ್ಳುತ್ತಾಳೆ, ಅಮ್ಮ ಸುಳ್ಳು ಹೇಳಿದ್ದಳು ಎಂದು ಆಗ ಗೊತ್ತಾಗುತ್ತದೆ. ದುಃಖದ ಕತೆಯನ್ನು ಮೊದಲ ಸಲ ಕೇಳಬೇಕಾದ ಜಾಗ ಅಮ್ಮನ ತೊಡೆಯಲ್ಲದೆ ಇನ್ನಾವುದು? ಹೆದರಿದರೆ ಅಪ್ಪಿಕೊಳ್ಳಲು ಅಲ್ಲಿ ಸೆರಗಾದರೂ ಇರುತ್ತದೆ. ಹಾಗೆಂದು ಎಲ್ಲ ಮಕ್ಕಳೂ ಒಂದೇ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಇತ್ತೀಚೆಗೆ ಸಾವು ನೋವು ಆಗಿದ್ದರೆ, ಮಗು ರಾತ್ರಿ ಎದ್ದು ಅಳುವಂಥದಾದರೆ, ಪುಸ್ತಕ ಕಾಯುತ್ತದೆ. ಅದಕ್ಕೇನು ಅವಸರ? ನಿಮ್ಮ ಮಗುವಿನ ನಿದ್ದೆ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ.

ಮಗಳು ಆ ರಾತ್ರಿ ಅಳಲಿಲ್ಲ. ಆದರೆ ಮೂರು ದಿನ ಅದೇ ಮಾತು. ಜೋಗಿ ಗೌಡನ ಮನೆಯ ಎಮ್ಮೆಯನ್ನು ಕರೆದುಕೊಂಡು ಹೋಗಬಹುದಿತ್ತಲ್ಲ? ಗೌಡನನ್ನೇ ಹೊಳೆಗೆ ಹಾಕಬಹುದಿತ್ತಲ್ಲ? ನಾಲ್ಕನೆಯ ದಿನ ತನ್ನ ಮಣ್ಣಿನ ಹುಂಡಿಯನ್ನು ತಂದು ಮುಂದಿಟ್ಟಳು. "ಇಷ್ಟನ್ನೂ ಜೋಗಿಗೆ ಕೊಟ್ರೆ ವಾಪಸ್ ಕಳಿಸ್ತಾನಾ?" ಅಲುಗಿಸಿ ನೋಡಿದೆ, ಒಂದೂವರೆ ಕೇಜಿಯಾದರೂ ಇತ್ತು. ಕೊಟ್ಟು ನೋಡಬಹುದು ಎಂದೆ. ಆ ಪುಸ್ತಕವನ್ನು ಎದೆಗವಚಿಕೊಂಡು ಮಲಗಿದ ನನಗೆ ಒಮ್ಮೆಯೂ ಈ ಯೋಚನೆ ಬಂದಿರಲಿಲ್ಲ. ಅವಳಿಗೆ ಹೋಗುವ ಸಾಲಿನಲ್ಲಿ ಸೇರುವ ಆಸೆಯೇ ಇಲ್ಲ, ಹೋದವರನ್ನು ಬಿಡಿಸಿಕೊಂಡು ಬರುವ ಚಿಂತೆ. ಅದೇ ಪುಸ್ತಕ, ಅದೇ ಚಿತ್ರ. ನಾನು ಕೊಟ್ಟದ್ದು ಒಂದು, ಅವಳು ತೆಗೆದುಕೊಂಡದ್ದು ಇನ್ನೊಂದು.

ಇದರ ಬಿಸಿ ನಮ್ಮ ಮನೆಯವರಿಗೂ ತಟ್ಟಿತೆನ್ನಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಈ ಭಾನುವಾರ, ಬರುವ ಭಾನುವಾರ ಎಂದು ಮುಂದೂಡುತ್ತಲೇ ಇದ್ದರು. ಕೊನೆಗೆ ಮಗಳು ಊಟದ ತಟ್ಟೆಯ ಮುಂದೆ, "ಅಪ್ಪಾ, ನೀನು ಬೊಮ್ಮನಹಳ್ಳಿ ಗೌಡ" ಎಂದಳು. ಅತ್ತೆಯವರಿಗೆ ನಗು ತಡೆಯಲಾರದೆ ಮಜ್ಜಿಗೆ ನೆತ್ತಿಗೇರಿತು. ಆ ಭಾನುವಾರ ಬೆಳಿಗ್ಗೆ ಏಳೂವರೆಗೇ ಅಪ್ಪ ಮಗಳು ಲಾಲ್‌ಬಾಗಿನಲ್ಲಿದ್ದರು.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗನಿಗೆ ಇದೇ ಪುಸ್ತಕವನ್ನು ನಾನು ವೀಡಿಯೋ ಕರೆಯಲ್ಲಿ ಓದುತ್ತೇನೆ. ಅಲ್ಲಿ ಬೆಳಿಗ್ಗೆ, ಇಲ್ಲಿ ರಾತ್ರಿ. ಅವನ ಕನ್ನಡ ಅರೆಬರೆ. 'ಮಾಳಿಗೆ', 'ಕಣಜ' ಅಂದರೆ ಬಾಯಿ ಬಿಡುತ್ತಾನೆ, ಚಿತ್ರವನ್ನು ಕ್ಯಾಮೆರಾದ ಹತ್ತಿರ ಹಿಡಿದು ತೋರಿಸುತ್ತೇನೆ. ಆದರೆ ಪದ್ಯದ ಲಯ ಮಾತ್ರ ಅವನಿಗೆ ಕಾಲಿಗೇ ಇಳಿದಿದೆ, ಕುಣಿಯುತ್ತಲೇ ಕೇಳುತ್ತಾನೆ. ದೂರದಲ್ಲಿರುವ ಅಜ್ಜಿ, ದೊಡ್ಡಮ್ಮಂದಿರಿಗೆ ನಾನು ಹೇಳುವುದಿಷ್ಟು. 'ಊಟ ಆಯ್ತಾ, ಸ್ಕೂಲಿಗೆ ಹೋದ್ಯಾ' ಎರಡು ಪ್ರಶ್ನೆಗೆ ಮಾತು ಮುಗಿದುಹೋಗುವ ಮಕ್ಕಳ ಹತ್ತಿರ ಪುಸ್ತಕ ಹಿಡಿದು ಕೂತರೆ ಅರ್ಧ ಗಂಟೆ ಸಲೀಸು.

ಇನ್ನು ವಿನಿಮಯದ ಮಾತು. ನಮ್ಮ ಪುಸ್ತಕ ಅವರು ಕೇಳಬೇಕೆಂದರೆ ಅವರ ಪುಸ್ತಕ ನಾವು ಕೇಳಬೇಕಲ್ಲ! ನನ್ನ ಮಗಳ ಈಗಿನ ಪ್ರೀತಿ ಡೈನೋಸಾರುಗಳದು. ಒಂದೊಂದರ ಹೆಸರೂ ಗೂಡ್ಸ್ ರೈಲಿನಷ್ಟು ಉದ್ದ. ಸ್ವಲ್ಪವೂ ರುಚಿಸದ ಆ ಪುಸ್ತಕವನ್ನು ವಾರಕ್ಕೆ ಎರಡು ದಿನ ಪೂರ್ತಿ ಕೇಳುತ್ತೇನೆ, ನಡುವೆ ಕುಕ್ಕರಿನ ಕಡೆ ಓಡುವುದಿಲ್ಲ. ಹೊಸ ಕನ್ನಡ ಚಿತ್ರಪುಸ್ತಕಗಳೇ ಇಲ್ಲವೆಂದು ಗೊಣಗುವವರಿಗೂ ಒಂದು ಮಾತು, ನಮ್ಮ ಕಾಲಕ್ಕಿಂತ ಈಗಲೇ ಹೆಚ್ಚಿವೆ. ನ್ಯಾಷನಲ್ ಬುಕ್ ಟ್ರಸ್ಟಿನ 'ನೆಹರು ಬಾಲ ಪುಸ್ತಕಾಲಯ' ನಮ್ಮ ಬಾಲ್ಯದಿಂದಲೂ ಇದೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸಿನವರು ಕಡಿಮೆ ಬೆಲೆಗೆ ಕನ್ನಡದಲ್ಲೂ ತರುತ್ತಾರೆ. ಅವರದೇ 'ಸ್ಟೋರಿವೀವರ್' ತಾಣದಲ್ಲಿ ಮೊಬೈಲಿನಲ್ಲಿ ಪುಕ್ಕಟೆಯಾಗಿ ಓದಬಹುದು. ಚೆನ್ನೈನ ತೂಲಿಕಾದವರ ಕೆಲವು ಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ. ಒತ್ತಕ್ಷರಕ್ಕೆ ಎಡವುವ ಮಕ್ಕಳಿಗೆ ಇವು ಒಳ್ಳೆಯ ಊರುಗೋಲು.

ಹಾಸನದ ಸೋದರಿ ಇನ್ನೊಂದನ್ನು ಕೇಳಿದ್ದಾರೆ. ಸಂಪುಟದ ಹೊಲಿಗೆ ಬಿಟ್ಟಿದೆ, ನಾಲ್ಕಾರು ಹಾಳೆ ಹರಿದಿವೆ, ಏನು ಮಾಡುವುದು? ದಯವಿಟ್ಟು ಸೆಲ್ಲೋಟೇಪು ಅಂಟಿಸಬೇಡಿ. ಕೆಲವೇ ವರ್ಷಕ್ಕೆ ಅದು ಹಳದಿಯಾಗಿ, ಸೆಟೆದು, ಕೀಳುವಾಗ ಚಿತ್ರವನ್ನೂ ಕಿತ್ತುಕೊಂಡು ಬರುತ್ತದೆ. ಒಂದು ಚಮಚ ಮೈದಾಹಿಟ್ಟನ್ನು ಆರು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಹಾಲುಬಿಳುಪು ಹೋಗಿ ಗಂಜಿಯ ಹಾಗೆ ಪಾರದರ್ಶಕವಾದಾಗ ಇಳಿಸಿ. ಬೈಂಡು ಮಾಡುವವರು ಹುಳ ಬೀಳದಿರಲೆಂದು ಇದಕ್ಕೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ. ಮಕ್ಕಳು ಬೆರಳು ಬಾಯಿಗಿಟ್ಟು ಪುಟ ತಿರುವುವ ಪುಸ್ತಕಕ್ಕೆ ಖಂಡಿತ ಬೇಡ. ಅದರ ಬದಲು ಅಂಟನ್ನು ಆ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ, ಉಳಿದದ್ದನ್ನು ಚೆಲ್ಲಿಬಿಡಿ. ತೆಳುವಾದ ಬಿಳಿ ಕಾಗದವನ್ನು ಬೆರಳಗಲ 'ಹರಿದು' ತೆಗೆಯಿರಿ, ಕತ್ತರಿಸಬೇಡಿ, ಹರಿದ ಅಂಚು ಎದ್ದು ಕಾಣದೆ ಚೆನ್ನಾಗಿ ಕೂರುತ್ತದೆ. ಹಾಳೆಯ ಹಿಂಬದಿಗೆ ತೆಳ್ಳಗೆ ಅಂಟು ಸವರಿ ಅಂಟಿಸಿ. ಎರಡೂ ಬದಿಯಲ್ಲಿ ಚಿತ್ರವಿದ್ದರೆ, ಅಕ್ಷರವಿಲ್ಲದ ಅಂಚು ನೋಡಿಕೊಂಡು ಅಲ್ಲಲ್ಲೇ ಸಣ್ಣ ತುಂಡುಗಳನ್ನು ಅಂಟಿಸಿದರೆ ಸಾಕು. ಬಿಸಿಲಿಗಿಡುವುದಾದರೆ ಬೆಳಗಿನ ಎಳೆಬಿಸಿಲು ಮಾತ್ರ, ಮಧ್ಯಾಹ್ನದ ಬಿಸಿಲಿಗೆ ಬಣ್ಣ ಹಾರುತ್ತದೆ. ಕಪಾಟಿನ ಮೂಲೆಯಲ್ಲಿ ಚೆನ್ನಾಗಿ ಒಣಗಿದ ಬೇವಿನೆಲೆ ಹರಡಿ, ಮಳೆಗಾಲ ಕಳೆದ ಮೇಲೆ ಬದಲಾಯಿಸಿ.

ಅಂಟಿಸಿದ ಹಾಳೆಗಳ ಮೇಲೆ ಒಂದು ಶುಭ್ರವಾದ ಬಟ್ಟೆ ಮಡಿಸಿ ಹಾಕಿ, ಮೇಲೊಂದು ಮಣೆ, ಅದರ ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಬೇಕು. ಮಿಕ್ಸಿ ಬಂದ ಮೇಲೆ ಹಿತ್ತಲಿನಲ್ಲಿ ಸುಮ್ಮನೆ ಕೂತಿರುವ ಅರೆಯುವ ಕಲ್ಲಿದ್ದರೆ ಅದೇ ಸರಿ. ಎತ್ತಿಡುವುದಕ್ಕೆ ಮಗನನ್ನೇ ಕರೆಯಿರಿ. ಪುಸ್ತಕದ ಮೇಲೆ ಕಲ್ಲು ಯಾಕೆ ಹೇರುತ್ತಿದ್ದೀಯೆಂದು ಕೇಳದೆ ಬಿಡುವವನಲ್ಲ.

ಏನಾಯಿತೆಂದು ಬರೆದು ತಿಳಿಸಿ. ಉಳಿದ ಸೋದರಿಯರೂ ನಿಮ್ಮ ಟ್ರಂಕಿನ ತಳದಲ್ಲಿ ಯಾವ ಚಿತ್ರಪುಸ್ತಕವಿದೆ, ಮಕ್ಕಳು ಅದಕ್ಕೆ ಏನಂದರು, ಒಂದು ಕಾರ್ಡಿನಲ್ಲಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮಳೆಗಾಲಕ್ಕೆ ಬೇಳೆಕಾಳು ಹುಳ ಹಿಡಿಯದ ಹಾಗೆ ಎತ್ತಿಡುವ ಬಗೆ.